ಕರಾವಳಿಯಿಂದ ಬೆಂಗಳೂರಿಗೆ ಬಂದ ಪಿಯಾನೊ: ಶ್ರುತಿ ನಿಲ್ಲದ ಒಂದು ಪ್ರಕರಣ

ಮಂಗಳೂರಿನ ಮನೆಯೊಂದರಲ್ಲಿ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಇದ್ದ ಅಪ್‌ರೈಟ್ ಪಿಯಾನೊವನ್ನು ಆ ಮನೆಯ ಮಗ ಫೆಬ್ರವರಿಯಲ್ಲಿ ಬೆಂಗಳೂರಿನ ಬನಶಂಕರಿಯಲ್ಲಿರುವ ತಮ್ಮ ಅಪಾರ್ಟ್‌ಮೆಂಟಿಗೆ ಸಾಗಿಸಿಕೊಂಡರು. ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಅಭ್ಯಾಸ ಮಾಡುತ್ತಿದ್ದ ಮಗಳಿಗೆ ಇನ್ನು ಮುಂದೆ ಕೀಬೋರ್ಡ್ ಸಾಲದೆಂದು ಅವಳ ಟೀಚರ್ ಹೇಳಿದ್ದು ಇದಕ್ಕೆ ಕಾರಣ. ಪಿಯಾನೊ ಬಂದ ವಾರದಲ್ಲೇ ಟ್ಯೂನಿಂಗ್ ಮಾಡಿಸಿದರು; ಏಪ್ರಿಲ್ ಹೊತ್ತಿಗೆ ಶ್ರುತಿ ಹೋಗಿತ್ತು. ಮೇ ತಿಂಗಳಲ್ಲಿ ಬೇರೊಬ್ಬರನ್ನು ಕರೆಸಿ ಮತ್ತೆ ಮಾಡಿಸಿದರು. ಜುಲೈ ಬರುವಷ್ಟರಲ್ಲಿ ಮತ್ತೆ ಅದೇ ಪಾಡು. ಅದರ ಜೊತೆಗೆ ನಡುಭಾಗದ ಮೂರು ಕೀಗಳು ಒತ್ತಿದರೆ ಮೇಲೇಳದೆ ಅಲ್ಲಿಯೇ ಕೂರತೊಡಗಿದ್ದವು. ನನ್ನನ್ನು ಕರೆದದ್ದು ಆ ಹಂತದಲ್ಲಿ. ಮನೆಯವರ ಪ್ರಶ್ನೆ ನೇರವಾಗಿತ್ತು: ಟ್ಯೂನ್ ಮಾಡಿದವರಿಗೆ ಕೆಲಸ ಬರುತ್ತಿರಲಿಲ್ಲವೋ, ಅಥವಾ ಪಿಯಾನೊದ ಆಯುಷ್ಯವೇ ಮುಗಿಯಿತೋ? ಎರಡನೆಯದೇ ನಿಜವಾದರೆ ಅದನ್ನು ಗುಜರಿಗೆ ಕೊಟ್ಟು ಡಿಜಿಟಲ್ ಪಿಯಾನೊ ಕೊಳ್ಳುವ ಯೋಚನೆಯೂ ಅವರಿಗಿತ್ತು.

ಪಿಯಾನೊ ಇಂಗ್ಲೆಂಡಿನಲ್ಲಿ ತಯಾರಾದದ್ದು, ಇಪ್ಪತ್ತನೆಯ ಶತಮಾನದ ಆರಂಭದ್ದು. ಇಂದಿನ ಪಿಯಾನೊಗಳಂತೆ 88 ಅಲ್ಲ, ಆ ಕಾಲದಲ್ಲಿ ರೂಢಿಯಲ್ಲಿದ್ದ 85 ಕೀಗಳು. ಒಳಗೆ ಪೂರ್ಣ ಪ್ರಮಾಣದ ಎರಕದ ಕಬ್ಬಿಣದ ಚೌಕಟ್ಟಿತ್ತು, ಕೆಳಸ್ಥಾಯಿಯ ತಂತಿಗಳು ಉಳಿದವುಗಳ ಮೇಲೆ ಅಡ್ಡಹಾಯುವಂತೆ ಜೋಡಿಸಿದ್ದವು, ನಾದವನ್ನು ನಿಲ್ಲಿಸುವ ಡ್ಯಾಂಪರ್‌ಗಳು ತಂತಿಗೆ ಹೊಡೆಯುವ ಹ್ಯಾಮರ್‌ಗಳ ಕೆಳಗಿದ್ದವು. ಈ ಮೂರನ್ನೂ ಮೊದಲು ನೋಡಿಕೊಳ್ಳಬೇಕು. ಏಕೆಂದರೆ ಅದೇ ಕಾಲದ ಅಗ್ಗದ ಪಿಯಾನೊಗಳಲ್ಲಿ ಡ್ಯಾಂಪರ್‌ಗಳು ಹ್ಯಾಮರ್‌ಗಳ ಮೇಲಿದ್ದು, ಅವುಗಳ ಕಡ್ಡಿಗಳು ಪಂಜರದಂತೆ ಮುಂದೆ ಅಡ್ಡ ನಿಂತಿರುತ್ತವೆ. ಅಂಥದರ ಮೇಲೆ ಹಣ ಹಾಕುವುದಕ್ಕೆ ಮೊದಲು ಎರಡು ಸಲ ಯೋಚಿಸುವಂತೆ ನಾನು ಮನೆಯವರಿಗೆ ಹೇಳುತ್ತೇನೆ. ಇಲ್ಲಿ ಹಾಗಿರಲಿಲ್ಲ. ಬೆನ್ನಿನ ಜೋಡಣೆಗಳಲ್ಲಿ ಅಂಟಿನ ಜೊತೆಗೆ ಸ್ಕ್ರೂಗಳೂ ಇದ್ದವು; ವಸಾಹತುಗಳ ಬಿಸಿ, ತೇವದ ಹವೆಗೆಂದು ಕಳಿಸುತ್ತಿದ್ದ ಪಿಯಾನೊಗಳಲ್ಲಿ ಹೀಗೆ ಮಾಡುತ್ತಿದ್ದರು. ಮಂಗಳೂರಿನ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಜ್ಜ ಅದನ್ನು ಊರು ಬಿಡುತ್ತಿದ್ದ ಕುಟುಂಬವೊಂದರಿಂದ ಕೊಂಡಿದ್ದರಂತೆ.

ಪಿಯಾನೊದ ಶ್ರುತಿ ಎರಡು ಬಗೆಯಲ್ಲಿ ಕೆಡುತ್ತದೆ, ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಮೊದಲನೆಯದರಲ್ಲಿ ತಂತಿಯನ್ನು ಬಿಗಿಹಿಡಿದಿರುವ ಟ್ಯೂನಿಂಗ್ ಪಿನ್ ತನ್ನ ಮರದ ಗೂಡಿನಲ್ಲಿ ಸಡಿಲವಾಗಿ ಆ ಒಂದು ತಂತಿ ಮಾತ್ರ ಇಳಿಯುತ್ತದೆ. ಅಕ್ಕಪಕ್ಕದವು ಸರಿಯಾಗಿಯೇ ಇರುತ್ತವೆ. ಎರಡನೆಯದರಲ್ಲಿ ಒಂದಿಡೀ ಭಾಗದ ತಂತಿಗಳು ಒಟ್ಟಾಗಿ ಏರುತ್ತವೆ ಅಥವಾ ಇಳಿಯುತ್ತವೆ. ಆದ್ದರಿಂದ ಪಿನ್ ತಿರುಗಿಸುವ ಟ್ಯೂನಿಂಗ್ ಲಿವರ್ ಹೊರತೆಗೆಯುವ ಮೊದಲು ಪ್ರತಿ ಸ್ವರವನ್ನೂ ಅಳೆದು ಬರೆದುಕೊಳ್ಳುವುದು ಒಳ್ಳೆಯದು. ಅರ್ಧಸ್ವರದ ಅಂತರವನ್ನು ನೂರು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ಜುಲೈನ ಅಳತೆಯಲ್ಲಿ, 440 ಹರ್ಟ್ಸ್ ಇರಬೇಕಾದ ನಡುವಿನ ‘ಎ’ ಸ್ವರ 441.5ರಲ್ಲಿತ್ತು, ಎಂದರೆ ಸುಮಾರು 6 ಸೆಂಟ್ ಮೇಲೆ. ಅದಕ್ಕಿಂತ ಕೆಳಗೆ, ತಾಮ್ರ ಸುತ್ತಿದ ದಪ್ಪ ತಂತಿಗಳು ಮುಗಿದು ಬರಿಯ ಉಕ್ಕಿನ ತಂತಿಗಳು ಆರಂಭವಾಗುವ ಕಡೆ, 12ರಿಂದ 14 ಸೆಂಟ್ ಏರಿತ್ತು. ತಾಮ್ರದ ತಂತಿಗಳು ಹೆಚ್ಚುಕಡಿಮೆ ಇದ್ದಲ್ಲಿಯೇ ಇದ್ದವು. ಬಲತುದಿಯ ಎರಡು ಸ್ಥಾಯಿಗಳು ಮಾತ್ರ ಸುಮಾರು 20 ಸೆಂಟ್ ಕೆಳಗೆ. ಇವುಗಳ ನಡುವೆ ಅಲ್ಲಲ್ಲಿ ಆರೇಳು ತಂತಿಗಳು ತಮ್ಮ ಜೊತೆಯವನ್ನು ಬಿಟ್ಟು ಒಂಟಿಯಾಗಿ ಇಳಿದಿದ್ದವು.

ಈ ಅಳತೆಗಿಂತಲೂ ಉಪಯುಕ್ತವಾದ ಸಾಕ್ಷಿ ಮಗಳ ಮೊಬೈಲಿನಲ್ಲಿ ಸಿಕ್ಕಿತು. ಟೀಚರಿಗೆ ಕಳಿಸಲೆಂದು ಏಪ್ರಿಲ್‌ನಲ್ಲಿ ಅವಳು ರೆಕಾರ್ಡ್ ಮಾಡಿದ್ದ ತುಣುಕಿನಲ್ಲಿ ಅದೇ ‘ಎ’ ಸ್ವರ 436 ಹರ್ಟ್ಸ್ ಇತ್ತು, ಎಂದರೆ ಸುಮಾರು 16 ಸೆಂಟ್ ಕೆಳಗೆ. ಬೇಸಿಗೆಯಲ್ಲಿ ಇಳಿದ ಸ್ವರ ಮೇ ತಿಂಗಳಲ್ಲಿ ಸರಿಯಾಗಿ, ಮಳೆಗಾಲದಲ್ಲಿ 440ನ್ನೂ ದಾಟಿ ಮೇಲಕ್ಕೆ ಹೋಗಿತ್ತು. ಸಡಿಲವಾದ ಪಿನ್ ತಂತಿಯನ್ನು ಇಳಿಸಬಲ್ಲದೇ ಹೊರತು ಏರಿಸಲಾರದು. ಕೈಕೆಲಸ ಕೆಟ್ಟದ್ದಾಗಿದ್ದರೂ ಸ್ವರಗಳು ದಿಕ್ಕಾಪಾಲಾಗುತ್ತವೆಯೇ ಹೊರತು ಒಂದಿಡೀ ಭಾಗ ಹೀಗೆ ಒಟ್ಟಾಗಿ ಏರಲಾರದು. ಋತುವಿಗೆ ತಕ್ಕಂತೆ ಎರಡೂ ಕಡೆಗೆ ಸರಿಯುತ್ತಿದ್ದುದರಿಂದ ಮೂಲ ತೊಂದರೆ ಮರದಲ್ಲಿ, ಇನ್ನೂ ಸರಿಯಾಗಿ ಹೇಳುವುದಾದರೆ ಆ ಮರದ ಸುತ್ತಲಿನ ಗಾಳಿಯಲ್ಲಿ ಇದೆಯೆಂದು ತೀರ್ಮಾನಿಸಲು ಅಡ್ಡಿಯಿರಲಿಲ್ಲ.

ಮರಕ್ಕೂ ಶ್ರುತಿಗೂ ಇರುವ ಸಂಬಂಧವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಮನೆಯಲ್ಲಿ ಪಿಯಾನೊ ಇಟ್ಟುಕೊಂಡ ಬಹುಪಾಲು ಜನ ತಂತಿಯೇ ಹಿಗ್ಗಿ ಕುಗ್ಗಿ ಶ್ರುತಿ ಕೆಡುತ್ತದೆಂದು ಭಾವಿಸಿರುತ್ತಾರೆ. ಉಕ್ಕಿನ ತಂತಿಗೆ ಗಾಳಿಯ ತೇವದಿಂದ ತುಕ್ಕು ಬರಬಹುದು, ಆದರೆ ಅದರ ಉದ್ದ ಬದಲಾಗುವುದಿಲ್ಲ. ಬದಲಾಗುವುದು ಸೌಂಡ್‌ಬೋರ್ಡ್. ಅದು ಸ್ಪ್ರೂಸ್ ಮರದ ಸೀಳುಗಳನ್ನು ಸೇರಿಸಿ ಮಾಡಿದ, ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪದ ಅಗಲವಾದ ಹಲಗೆ. ತಂತಿಗಳ ಕಡೆಗೆ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಅದರ ಮೇಲೆ ಅಂಟಿಸಿದ ಬ್ರಿಡ್ಜ್ ಮೇಲೆ ತಂತಿಗಳು ಒತ್ತಿಕೊಂಡು ಹಾದುಹೋಗುತ್ತವೆ; ವೀಣೆಯ ಕುದುರೆಯದೂ ಇದೇ ಕೆಲಸ. ಮರ ತೇವ ಹೀರಿದಾಗ ಉದ್ದಕ್ಕೆ ಬೆಳೆಯುವುದು ನಗಣ್ಯ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ. ಅಂಚುಗಳು ಚೌಕಟ್ಟಿಗೆ ಬಿಗಿಯಾಗಿ ಸೇರಿರುವುದರಿಂದ ಹಿಗ್ಗಿದ ಹಲಗೆಗೆ ಹೋಗಲು ಬೇರೆ ಜಾಗವಿಲ್ಲದೆ ಅದು ಇನ್ನಷ್ಟು ಉಬ್ಬಿ, ಬ್ರಿಡ್ಜನ್ನೂ ತಂತಿಗಳನ್ನೂ ಹೊರಕ್ಕೆ ತಳ್ಳುತ್ತದೆ. ತಂತಿ ಬಿಗಿಯಾಗಿ ಸ್ವರ ಏರುತ್ತದೆ. ಒಣಗಾಳಿಯಲ್ಲಿ ಇದೇ ತಿರುಗುಮುರುಗಾಗುತ್ತದೆ. ಉಬ್ಬು ಎಲ್ಲ ಕಡೆಯೂ ಒಂದೇ ಸಮನಾಗಿ ಏರಿಳಿಯುವುದಿಲ್ಲವಾದ್ದರಿಂದ ನಡುಭಾಗದ ಸ್ವರಗಳು, ಅದರಲ್ಲೂ ಉಕ್ಕಿನ ತಂತಿ ಆರಂಭವಾಗುವ ಎಡೆಯವು, ಉಳಿದವಕ್ಕಿಂತ ಹೆಚ್ಚು ಸರಿಯುತ್ತವೆ. ಇಡೀ ಪಿಯಾನೊ ಒಂದೇ ಪ್ರಮಾಣದಲ್ಲಿ ಏರಿಳಿದಿದ್ದರೆ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಿವಿಗೆ ಚುಚ್ಚುವುದು ಭಾಗ ಭಾಗಗಳ ನಡುವೆ ಬೀಳುವ ಈ ಅಂತರ. ಒಂದೊಂದು ತಂತಿಯ ಎಳೆತ 70ರಿಂದ 90 ಕಿಲೋ. ಇನ್ನೂರಕ್ಕೂ ಹೆಚ್ಚು ತಂತಿಗಳು ಸೇರಿ ಚೌಕಟ್ಟಿನ ಮೇಲೆ ಬೀಳುವ ಒಟ್ಟು ಎಳೆತ ಹದಿನೈದು ಟನ್ನಿಗೂ ಮೀರಿದ್ದು. ಇಂಥ ಸಮತೋಲನದಲ್ಲಿ ಹಲಗೆ ಕೂದಲೆಳೆಯಷ್ಟು ಸರಿದರೂ ಅದು ಕೇಳಿಸದೆ ಇರುವುದಿಲ್ಲ.

ಹೀಗೆ ನೋಡಿದಾಗ ಹಿಂದಿನ ಎರಡು ಟ್ಯೂನಿಂಗ್‌ಗಳ ಗತಿಯೂ ಅರ್ಥವಾಗುತ್ತದೆ. ಕರಾವಳಿಯ ತೇವದಲ್ಲಿ ದಶಕಗಟ್ಟಲೆ ಇದ್ದ ಮರವನ್ನು ಫೆಬ್ರವರಿಯಲ್ಲಿ ತಂದು ಬೆಂಗಳೂರಿನಲ್ಲಿ ನಿಲ್ಲಿಸಿದ್ದರು. ಇಲ್ಲಿ ಆಗ ಒಣಹವೆ ಆರಂಭವಾಗಿ, ಮಾರ್ಚ್‌ನ ಮಧ್ಯಾಹ್ನಗಳಲ್ಲಿ ಆರ್ದ್ರತೆ ಶೇ. 30ರ ಆಸುಪಾಸಿಗೆ ಇಳಿಯುವುದುಂಟು. ಮರ ಇನ್ನೂ ಒಣಗುತ್ತಲೇ ಇದ್ದ ಆ ದಿನಗಳಲ್ಲಿ ಯಾರು ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದ್ದರೂ ಅದು ನಿಲ್ಲುತ್ತಿರಲಿಲ್ಲ. ಹೊಸ ಜಾಗಕ್ಕೆ ಬಂದ ಪಿಯಾನೊವನ್ನು ಎರಡು ಮೂರು ವಾರವಾದರೂ ಹಾಗೆಯೇ ಬಿಡಬೇಕೆನ್ನುವುದು ಇದಕ್ಕಾಗಿ. ಇಷ್ಟು ದೊಡ್ಡ ಹವಾಮಾನದ ಬದಲಾವಣೆಯಾದರೆ ಅದಕ್ಕಿಂತ ಹೆಚ್ಚು ಕಾಯುವುದೂ ತಪ್ಪಲ್ಲ. ಬಲತುದಿಯ ಸ್ವರಗಳು ಜುಲೈನಲ್ಲಿಯೂ ಕೆಳಗೇ ಇದ್ದುದಕ್ಕೆ ಮಾತ್ರ ಬೇರೆ ಕಾರಣ. ವರ್ಷಗಳ ಕಾಲ ಇಳಿದಿದ್ದ ತಂತಿಗಳನ್ನು ಒಂದೇ ಸುತ್ತಿನಲ್ಲಿ 440ಕ್ಕೆ ಎಳೆದರೆ, ಕೊನೆಯ ತಂತಿಗೆ ಬರುವಷ್ಟರಲ್ಲಿ ಹೆಚ್ಚಿದ ಭಾರಕ್ಕೆ ಹಲಗೆ ಕುಗ್ಗಿ ಮೊದಲು ಎಳೆದವು ಮತ್ತೆ ಇಳಿದಿರುತ್ತವೆ. ಅದಕ್ಕೆ ಎರಡು ಸುತ್ತು ಬೇಕು. ಮನೆಯವರು ಒಂದು ಸಂಜೆಯ ಕೆಲಸಕ್ಕೆಂದು ಕರೆದಿರುವಾಗ ಟ್ಯೂನ್ ಮಾಡುವವರು ಅದನ್ನು ಹೇಳಿ ಒಪ್ಪಿಸುವುದು ಸುಲಭವಲ್ಲ ಎಂಬುದನ್ನೂ ಸೇರಿಸಬೇಕು.

ಪಿಯಾನೊದ ಕೆಳಗಿನ ಮುಚ್ಚಳ ತೆಗೆದಾಗ ಇನ್ನೊಂದು ವಿಷಯ ಹೊರಬಿತ್ತು. ಪೆಡಲ್‌ಗಳ ಕಡ್ಡಿಗಳ ಪಕ್ಕದಲ್ಲಿ, ತಳದ ಹಲಗೆಗೆ ಒಂದು ಬಲ್ಬ್ ಹೋಲ್ಡರ್ ಬಿಗಿದಿತ್ತು. ಅದರ ಮೇಲ್ಭಾಗದ ಮರ ಅಂಗೈಯಗಲ ಕಂದಿ ಕಪ್ಪಾಗಿತ್ತು. ಮಳೆಗಾಲ ಹಿಡಿದ ದಿನದಿಂದ ಅಜ್ಜ ಅದರಲ್ಲಿ ಜೀರೋ ಕ್ಯಾಂಡಲ್ ಬಲ್ಬ್ ಉರಿಸಿಡುತ್ತಿದ್ದರೆಂದು ಮನೆಯವರು ನೆನಪಿಸಿಕೊಂಡರು. ಹೆಸರಿಗೆ ಜೀರೋ ಆದರೂ ಆ ಹಳೆಯ ತಂತುವಿನ ಬಲ್ಬ್ ಸುಮಾರು 15 ವ್ಯಾಟ್ ಎಳೆಯುತ್ತಿತ್ತು, ಅದರ ಹೆಚ್ಚಿನ ಪಾಲು ಶಾಖವಾಗಿಯೇ ಹೊರಬರುತ್ತಿತ್ತು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಹೊರಗಿನದಕ್ಕಿಂತ ಒಂದೆರಡು ಡಿಗ್ರಿ ಬೆಚ್ಚಗಾದರೂ ಅದರ ಆರ್ದ್ರತೆ ಗಣನೀಯವಾಗಿ ಇಳಿಯುತ್ತದೆ. ಕರಾವಳಿ ಊರುಗಳಲ್ಲಿ ಪಿಯಾನೊ ಉಳಿಸಿಕೊಂಡವರಿಗೆ ಇದು ಹೊಸತಲ್ಲ. ನಾನು ನೋಡಿದಾಗ ಆ ಹೋಲ್ಡರಿನಲ್ಲಿ ಇದ್ದದ್ದು ಎಲ್‌ಇಡಿ ಬಲ್ಬ್. ಅಜ್ಜ ತೀರಿಕೊಂಡ ಮೇಲೆ ಹಳೆಯದು ಸುಟ್ಟುಹೋದಾಗ ಯಾರೋ ಕರೆಂಟು ಉಳಿಯಲಿ ಎಂದು ಅದನ್ನು ಹಾಕಿ, ಮಳೆಗಾಲದಲ್ಲಿ ತಪ್ಪದೆ ಉರಿಸುತ್ತಲೂ ಇದ್ದರು. ಪಿಯಾನೊದೊಳಗೆ ಬೆಳಕಿತ್ತು, ಬಿಸಿ ಇರಲಿಲ್ಲ. ಬಲತುದಿಯ ತಂತಿಗಳು ಬಾಗುವ ಎಡೆಗಳಲ್ಲಿ ಕಂಡ ತುಕ್ಕಿಗೂ ತಾಮ್ರ ಸುತ್ತಿದ ತಂತಿಗಳ ಮಂಕಾದ ನಾದಕ್ಕೂ ಆ ಕೆಲವು ವರ್ಷಗಳ ಪಾಲು ಸಾಕಷ್ಟಿರಬೇಕು.

ಮೇಲೇಳದ ಕೀಗಳ ವಿಷಯ ಬೇರೆ. ಕೀಲಿಮಣೆಯ ಮುಂದಿನ ಪಟ್ಟಿಯನ್ನೂ ಮೇಲಿನ ಯಂತ್ರಭಾಗವನ್ನೂ ಬಿಚ್ಚಿಟ್ಟರೆ ಕೀಗಳನ್ನು ಒಂದೊಂದಾಗಿ ಎತ್ತಿ ತೆಗೆಯಬಹುದು. ಎಡದಿಂದ ಬಲಕ್ಕೆ 1ರಿಂದ 85ರವರೆಗೆ ಪ್ರತಿಯೊಂದರ ಮರದ ಮೇಲೂ ಅಂಕಿ ಒತ್ತಿರುತ್ತದೆ. ಎರಡು ಕೀಗಳಿಗೆ ಬಂದಿದ್ದುದು ಸಾಮಾನ್ಯ ಮಳೆಗಾಲದ ಕಾಯಿಲೆ. ಕೀ ಒಂದು ಲೋಹದ ಪಿನ್ನಿನ ಮೇಲೆ ಏರಿಳಿಯುತ್ತದೆ, ಪಿನ್ ಹೋಗುವ ಸೀಳಿನ ಎರಡು ಬದಿಗೂ ತೆಳುವಾದ ಉಣ್ಣೆಬಟ್ಟೆ ಅಂಟಿಸಿರುತ್ತಾರೆ. ಮರವೂ ಬಟ್ಟೆಯೂ ತೇವಕ್ಕೆ ಊದಿ ಪಿನ್ನನ್ನು ಹಿಡಿದುಕೊಂಡಿದ್ದವು. ಕೀಯನ್ನು ಅಕ್ಕಪಕ್ಕಕ್ಕೆ ಅಲುಗಿಸಿದರೆ ಕೇಳಿಯೂ ಕೇಳಿಸದಷ್ಟು ಟಕಟಕ ಸಪ್ಪಳ ಬರಬೇಕು, ಇವೆರಡರಲ್ಲಿ ಅದೂ ಇರಲಿಲ್ಲ. ಸಮಾನಾಂತರವಾಗಿ ಕಚ್ಚುವ ಇಕ್ಕಳದಿಂದ ಸೀಳಿನ ಬದಿಯನ್ನು ಮೆಲ್ಲಗೆ ಅಮುಕಿದಾಗ ಸರಿಹೋದವು. ಹೆಚ್ಚು ಅಮುಕಿದರೆ ಬೇಸಿಗೆಯಲ್ಲಿ ಅದೇ ಕೀ ಗಡಗಡ ಎನ್ನುತ್ತದೆ, ಆದ್ದರಿಂದ ಸ್ವಲ್ಪ ಬಿಗಿ ಇರುವಾಗಲೇ ನಿಲ್ಲಿಸುವುದು ಲೇಸು. ಮೂರನೆಯದರ ಪಿನ್ ಜಿಡ್ಡಾಗಿ ಕಪ್ಪು ಹಿಡಿದಿತ್ತು, ಬಟ್ಟೆ ಅಂಟಂಟಾಗಿತ್ತು, ಮೂಸಿದರೆ ಕೊಬ್ಬರಿ ಎಣ್ಣೆಯ ಕಮಟು ವಾಸನೆ. ಕದದ ತಿರುಗಣಿಗೆ ಬಿಡುವಂತೆ ಮನೆಯಲ್ಲಿ ಯಾರೋ ಎರಡು ಹನಿ ಬಿಟ್ಟಿದ್ದರು. ಪಿಯಾನೊದೊಳಗೆ ಮರ ಮತ್ತು ಉಣ್ಣೆ ಇರುವ ಯಾವ ಜಾಗಕ್ಕೂ ಎಣ್ಣೆ ಸಲ್ಲದು. ಹೊಲಿಗೆ ಯಂತ್ರದ ಎಣ್ಣೆಯಾಗಲಿ, ತುಕ್ಕು ಬಿಡಿಸುವ ಸ್ಪ್ರೇ ಆಗಲಿ, ಹಾಕಿದ ದಿನ ನುಣುಪಾಗಿಸಿ ಮುಂದೆ ದೂಳು ಹಿಡಿದು ಗಟ್ಟಿಯಾಗುತ್ತದೆ. ಟ್ಯೂನಿಂಗ್ ಪಿನ್ನಿನ ಬುಡಕ್ಕೆ ತಗುಲಿದರಂತೂ ಆ ಮರ ಮತ್ತೆಂದೂ ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಇಲ್ಲಿ ಆ ಬಟ್ಟೆಯನ್ನು ಕಿತ್ತು, ಪಿನ್ ಉಜ್ಜಿ ಹೊಳೆಯಿಸಿ, ಹೊಸ ಬಟ್ಟೆ ಅಂಟಿಸಬೇಕಾಯಿತು. ಕೀಗಳ ಕೆಳಗೆ ಒಂದೆರಡು ನಾಣ್ಯ, ಹೇರ್‌ಪಿನ್, ಪೆಪ್ಪರ್‌ಮಿಂಟ್ ಕಾಗದ, ಮತ್ತು ನುಸಿಹುಳು ತಿಂದು ಅರ್ಧವಾದ ಫೆಲ್ಟ್ ಬಿಲ್ಲೆಗಳು ಸಿಕ್ಕವು. ಫೆಲ್ಟ್ ಎಂದರೆ ಉಣ್ಣೆ; ಕತ್ತಲೆಯಲ್ಲಿ ಮುಚ್ಚಿಟ್ಟು ತಿಂಗಳುಗಟ್ಟಲೆ ನುಡಿಸದೆ ಬಿಟ್ಟ ಪಿಯಾನೊಗೆ ಹುಳು ಬರುವುದು ಶಾಲಿಗೆ ಬಂದಷ್ಟೇ ಸಹಜ. ವ್ಯಾಕ್ಯೂಮ್ ಕ್ಲೀನರಿನಿಂದ ದೂಳೆಳೆದು, ತಿಂದುಹೋದ ಬಿಲ್ಲೆಗಳನ್ನು ಬದಲಿಸಿದ್ದಾಯಿತು.

ಜುಲೈನಲ್ಲಿ ಟ್ಯೂನಿಂಗ್ ಮಾಡುವುದಿಲ್ಲವೆಂದು ಹೇಳಿದಾಗ ಮನೆಯವರಿಗೆ ಅಷ್ಟು ಹಿಡಿಸಲಿಲ್ಲ. ಪರೀಕ್ಷೆ ಮುಂದಿನ ವರ್ಷಕ್ಕಿದ್ದುದರಿಂದ ಕೊನೆಗೆ ಒಪ್ಪಿದರು. ಅದಕ್ಕೆ ಬದಲಾಗಿ ಮಾಡಿದ ಮೊದಲ ಕೆಲಸ, ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಆರ್ದ್ರತಾಮಾಪಕವೊಂದನ್ನು ಪಿಯಾನೊ ಪಕ್ಕದಲ್ಲಿ, ಇನ್ನೊಂದನ್ನು ಒಳಗೋಡೆಯ ಹತ್ತಿರ ಇಟ್ಟು, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಓದಿ ಬರೆದಿಡಲು ಹೇಳಿದ್ದು. ಪಿಯಾನೊ ನಿಂತಿದ್ದುದು ಪಡುವಣ ಬಾಲ್ಕನಿಯ ಗಾಜಿನ ಬಾಗಿಲಿಗೆ ತಾಗಿದಂತೆ. ಬಿಸಿಲಿದ್ದ ಸಂಜೆ ಅದರ ಒಂದು ಪಕ್ಕ ಕೈ ಇಟ್ಟರೆ ಬಿಸಿಯೆನಿಸುತ್ತಿತ್ತು, ಮಳೆಯ ರಾತ್ರಿ ಅದೇ ಬಾಗಿಲಿನಿಂದ ತೇವದ ಗಾಳಿ ನೇರವಾಗಿ ಬೆನ್ನಿಗೆ ಬಡಿಯುತ್ತಿತ್ತು. ಅಪ್‌ರೈಟ್ ಪಿಯಾನೊದ ಬೆನ್ನೆಂದರೆ ಸೌಂಡ್‌ಬೋರ್ಡೇ. ಮಾಪಕಗಳ ಲೆಕ್ಕದಲ್ಲಿ ಬಾಗಿಲ ಬಳಿ ಒಂದೇ ದಿನದೊಳಗೆ ಶೇ. 20ರಷ್ಟು ಏರಿಳಿತವಿದ್ದರೆ ಒಳಗೋಡೆಯ ಬಳಿ ಅದರ ಅರ್ಧವೂ ಇರಲಿಲ್ಲ. ನಾಲ್ಕು ಜನರನ್ನು ಕರೆಸಿ ಪಿಯಾನೊವನ್ನು ಅಲ್ಲಿಗೆ ಸರಿಸಿ, ಗೋಡೆಯಿಂದ ನಾಲ್ಕು ಅಂಗುಲ ಬಿಟ್ಟು ನಿಲ್ಲಿಸಲಾಯಿತು. ಚಕ್ರಗಳ ಕೆಳಗೆ ಮರದ ಬಟ್ಟಲು ಕೊಟ್ಟೆವು. ದಿನವೂ ನೆಲ ಒರೆಸುವ ನಮ್ಮ ಮನೆಗಳಲ್ಲಿ ಪಿಯಾನೊ ತಳದ ಹಲಗೆ ನೆನೆಯುವುದು ಹೀಗೆಯೇ, ಅದನ್ನು ಯಾರೂ ಗಮನಿಸುವುದಿಲ್ಲ. ಮೇಲಿದ್ದ ಹೂದಾನಿಯನ್ನು ಬೇರೆಡೆಗೆ ಕಳಿಸಿದ್ದಾಯಿತು. ಹಳೆಯ ಹೋಲ್ಡರನ್ನು ತೆಗೆದು, ಪಿಯಾನೊಗೆಂದೇ ಮಾಡುವ ಕಡಿಮೆ ವ್ಯಾಟಿನ ಬಿಸಿಕಡ್ಡಿಯೊಂದನ್ನು ಹ್ಯುಮಿಡಿಸ್ಟ್ಯಾಟ್ ಸಮೇತ ಅಳವಡಿಸಲಾಯಿತು. ಗಾಳಿ ಒಣಗಿದೊಡನೆ ಅದು ತಾನಾಗಿ ಆರುತ್ತದೆ. ಬೆಂಗಳೂರಿನಲ್ಲಿ ಈ ನಿಯಂತ್ರಕವಿಲ್ಲದೆ ಕಡ್ಡಿಯನ್ನಾಗಲಿ ಬಲ್ಬನ್ನಾಗಲಿ ವರ್ಷವಿಡೀ ಉರಿಸುವುದು ನನಗೆ ಸರಿಕಾಣದು. ಮಂಗಳೂರಿನಲ್ಲಿ ಹಲಗೆಯನ್ನು ಉಳಿಸಿದ ಅದೇ ಬಿಸಿ ಇಲ್ಲಿನ ಮಾರ್ಚ್‌ನಲ್ಲಿ ಅದನ್ನು ಸೀಳಬಹುದು.

ಸಡಿಲವಾದ ಪಿನ್‌ಗಳನ್ನು ಅಕ್ಟೋಬರ್‌ವರೆಗೆ ಮುಟ್ಟಲಿಲ್ಲ. ಪಿನ್ ಕುಳಿತಿರುವ ಗಟ್ಟಿಮರದ ದಿಮ್ಮಿಯೂ ಬೇಸಿಗೆಯಲ್ಲಿ ಕುಗ್ಗಿ, ಆಮೇಲೆ ಸ್ವಲ್ಪ ಚೇತರಿಸಿಕೊಳ್ಳುವುದುಂಟು. ಮರ ಒಂದು ಸ್ಥಿತಿಗೆ ಬಂದ ಮೇಲೆಯೇ ಯಾವುದು ನಿಜಕ್ಕೂ ಸಡಿಲ ಎಂಬುದು ತಿಳಿಯುತ್ತದೆ. ಹಾಗೆಯೇ ಆಯಿತು: ಒಂಟಿಯಾಗಿ ಇಳಿದಿದ್ದ ತಂತಿಗಳಲ್ಲಿ ನಾಲ್ಕಕ್ಕೆ ಮಾತ್ರ ಚಿಕಿತ್ಸೆ ಬೇಕಾಯಿತು. ಅವುಗಳ ಪಿನ್ ತೆಗೆದು ಒಂದು ಅಳತೆ ದಪ್ಪನೆಯ ಪಿನ್ ಹಾಕಿದೆ. ಸೂಪರ್ ಗ್ಲೂ ಜಾತಿಯ ನೀರಿನಂಥ ಅಂಟನ್ನು ಪಿನ್ ಸುತ್ತ ಇಳಿಬಿಡುವ ವಿಧಾನವೂ ಚಾಲ್ತಿಯಲ್ಲಿದೆ, ಹಲವು ಪಿನ್‌ಗಳು ಸಡಿಲವಾಗಿದ್ದಾಗ ಅದೇ ಅಗ್ಗದ ದಾರಿ. ನಾಲ್ಕಕ್ಕೋಸ್ಕರ ಅದು ಬೇಕಿರಲಿಲ್ಲ.

ತುಕ್ಕು ಹಿಡಿದ ತಂತಿಯನ್ನು ಏರಿಸುವ ಮೊದಲು ಒಂದಿಷ್ಟು ಇಳಿಸಬೇಕು. ಲಿವರನ್ನು ಹಿಂದಕ್ಕೆ ತಿರುಗಿಸಿದಾಗ ತಂತಿಯು ಲೋಹದ ಅಂಚಿನಿಂದ ಬಿಟ್ಟುಕೊಂಡು ‘ಟಿಕ್’ ಎನ್ನುತ್ತದೆ. ಆ ಸಪ್ಪಳ ಕೇಳಿದ ಮೇಲೆ ಏರಿಸಿದರೆ ತುಂಡಾಗುವ ಭಯ ಕಡಿಮೆ. ಹೀಗೆ ಮೊದಲ ಸುತ್ತಿನಲ್ಲಿ ಬಲತುದಿಯನ್ನು ಬೇಕಾದುದಕ್ಕಿಂತ ತುಸು ಮೇಲಕ್ಕೇ ಎಳೆದು ಬಿಟ್ಟು, ಎರಡನೆಯ ಸುತ್ತಿನಲ್ಲಿ ನಿಧಾನವಾಗಿ ಶ್ರುತಿ ಮಾಡಲಾಯಿತು. ನಡುಭಾಗದ ಪ್ರತಿ ಸ್ವರಕ್ಕೂ ಮೂರು ತಂತಿಗಳಿರುವುದರಿಂದ ಉದ್ದನೆಯ ಫೆಲ್ಟ್ ಪಟ್ಟಿಯನ್ನು ತಂತಿಗಳ ನಡುವೆ ತುರುಕಿ, ಮಧ್ಯದ ತಂತಿ ಮಾತ್ರ ನುಡಿಯುವಂತೆ ಮಾಡಿಕೊಳ್ಳುತ್ತಾರೆ. ‘ಎ’ಯನ್ನು 440ಕ್ಕೆ ಕೂರಿಸಿ, ಅದರಿಂದ ಒಂದು ಸ್ಥಾಯಿಯ ಹನ್ನೆರಡು ಸ್ವರಗಳನ್ನು ಕಟ್ಟಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹೋಗುವುದು ಕ್ರಮ. ಎರಡು ಸ್ವರಗಳು ಪೂರ್ತಿ ಕೂಡದಿದ್ದಾಗ ಕೇಳಿಸುವ ಅಲೆಯಲೆಯಾದ ಏರಿಳಿತಕ್ಕೆ ಬೀಟ್ಸ್ ಎನ್ನುತ್ತೇವೆ. ಆ ಬೀಟ್ಸ್ ಎಷ್ಟು ವೇಗವಾಗಿರಬೇಕೆಂಬುದನ್ನು ಕಿವಿಯಲ್ಲಿಟ್ಟುಕೊಂಡೇ ಈ ಕೆಲಸ ಸಾಗುತ್ತದೆ. ಗಿಟಾರಿನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಪಿಯಾನೊವನ್ನು ತಾವೇ ಟ್ಯೂನ್ ಮಾಡಬಹುದೇ ಎಂದು ಈ ಮನೆಯಲ್ಲೂ ಕೇಳಿದರು. ಪಿಯಾನೊ ತಂತಿ ದಪ್ಪ, ಗಡುಸು. ಅದರ ಮೇಲುನಾದಗಳು, ಎಂದರೆ ಮೂಲ ಸ್ವರದ ಜೊತೆಗೇ ಹೊರಡುವ ಮೇಲಿನ ಸ್ವರಗಳು, ಗಣಿತದ ಲೆಕ್ಕಕ್ಕಿಂತ ತುಸು ಎತ್ತರದಲ್ಲಿರುತ್ತವೆ. ಅದಕ್ಕೆ ಹೊಂದುವಂತೆ ಮೇಲಿನ ಸ್ಥಾಯಿಗಳನ್ನು ಇನ್ನಷ್ಟು ಮೇಲಕ್ಕೆ, ಕೆಳಗಿನವನ್ನು ಇನ್ನಷ್ಟು ಕೆಳಕ್ಕೆ ಹಿಗ್ಗಿಸಬೇಕು, ಬಲತುದಿಯಲ್ಲಿ ಇದು 30 ಸೆಂಟ್‌ವರೆಗೂ ಹೋಗುತ್ತದೆ. ಸಾಮಾನ್ಯ ಆ್ಯಪ್‌ಗೆ ಈ ವಿಷಯ ಗೊತ್ತಿಲ್ಲ. ಪಿಯಾನೊಗೆಂದೇ ಮಾಡಿದ ಆ್ಯಪ್‌ಗಳಿಗೆ ಗೊತ್ತಿದೆ, ಆದರೆ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಸ್ವರವನ್ನು ಮುಟ್ಟಿಸುವುದಕ್ಕಿಂತ ಅದು ಅಲ್ಲಿ ನಿಲ್ಲುವಂತೆ ಪಿನ್ನನ್ನು ಕೂರಿಸುವುದು ಕಷ್ಟ. ಲಿವರ್ ಬಿಟ್ಟೊಡನೆ ತಿರುಚಿಕೊಂಡಿದ್ದ ಪಿನ್ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ತುಸು ಮೇಲಕ್ಕೆ ಒಯ್ದು, ಹಿಂದಕ್ಕೆ ಇಳಿಸಿ ನಿಲ್ಲಿಸಿ, ಕೀಯನ್ನು ಬಲವಾಗಿ ಹೊಡೆದು ತಂತಿಯ ಎಳೆತ ಎಲ್ಲೆಡೆ ಸಮವಾಗುವಂತೆ ಮಾಡಬೇಕು. ಕೈಗೆ ಇದು ಹತ್ತುವುದಕ್ಕೆ ವರ್ಷಗಳು ಬೇಕು. ಅಷ್ಟರಲ್ಲಿ ಮನೆಯ ಪಿಯಾನೊದ ಪಿನ್‌ಗಳು ಸಡಿಲವಾಗಿರುತ್ತವೆ.

ಕೆಲಸ ಮುಗಿದ ಮೇಲೆ ಬಂದ ಆಕ್ಷೇಪವೇ ಈ ಪ್ರಕರಣದಲ್ಲಿ ನನಗೆ ಹೆಚ್ಚು ಸ್ವಾರಸ್ಯಕರವೆನಿಸಿದ್ದು. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಹಾಡಿಕೊಂಡು ಬಂದಿದ್ದ ಅಜ್ಜಿ ತಮ್ಮ ತಂಬೂರಿ ಆ್ಯಪನ್ನು ಐದು ಮನೆಗೆ, ಎಂದರೆ ‘ಜಿ’ಗೆ ಇಟ್ಟುಕೊಂಡು, ಮೊಮ್ಮಗಳಿಂದ ಒಂದೊಂದೇ ಕೀ ಒತ್ತಿಸಿ ಕೇಳಿದರು. “ಉಳಿದದ್ದೆಲ್ಲ ಸರಿ ಉಂಟು ಮಾರಾಯ್ರೆ, ಈ ಗಾಂಧಾರ ಮಾತ್ರ ಮೇಲೆ ಹೋಗಿದೆ” ಎಂದರು. ಅವರ ಕಿವಿ ನೂರಕ್ಕೆ ನೂರು ಸರಿ. ತಂಬೂರಿಯ ಮಂದ್ರ ತಂತಿ ಮೀಟಿದಾಗ ತಾನಾಗಿ ಕೇಳಿಬರುವ ಸ್ವಯಂಭು ಗಾಂಧಾರ ಷಡ್ಜದೊಂದಿಗೆ 5:4ರ ಪ್ರಮಾಣದಲ್ಲಿರುತ್ತದೆ. ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವುದರಿಂದ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ ಮೇಲಕ್ಕೆ ಬೀಳುತ್ತದೆ. ‘ಜಿ’ ಮತ್ತು ‘ಬಿ’ಯನ್ನು ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಸುಮಾರು ಎಂಟು ಬೀಟ್ಸ್ ಕೇಳಿಸುತ್ತವೆ. ಪಂಚಮ ಮಾತ್ರ 2 ಸೆಂಟ್‌ನಷ್ಟೇ ಕಡಿಮೆಯಾಗುವುದರಿಂದ ಅವರಿಗೆ ಅದು ಅಡ್ಡಿಯಾಗಲಿಲ್ಲ. “ಹಾಗಾದ್ರೆ ಅದೊಂದನ್ನು ಇಳಿಸಿ ಆಯ್ತಲ್ಲ” ಎಂಬುದು ಅವರ ಮುಂದಿನ ಮಾತು. ಇಳಿಸಬಹುದು ಅಮ್ಮ, ಆದರೆ ಒಂದು ‘ಬಿ’ ಇಳಿಸಿದರೆ ಉಳಿದ ಸ್ವರಗಳಿಗೂ ಅದೇ ‘ಬಿ’ ಬೇಕಲ್ಲ ಎಂದು ಹೇಳಿ, ಆ ಒಂದು ಕೀಯ ಮೂರು ತಂತಿಗಳನ್ನೂ 14 ಸೆಂಟ್ ಇಳಿಸಿ ಕೇಳಿಸಿದೆ. ‘ಜಿ’ಯಿಂದ ಹಿಡಿದರೆ ಅಜ್ಜಿಯ ಮುಖ ಅರಳಿತು. ಆದರೆ ಮೊಮ್ಮಗಳು ತನ್ನ ಪರೀಕ್ಷೆಯ ಇ ಮೈನರ್ ಪಾಠ ನುಡಿಸಿದಾಗ, 16 ಸೆಂಟ್ ಕುಗ್ಗಿದ ‘ಇ–ಬಿ’ ಪಂಚಮ ಹುಳಿ ಹಿಂಡಿದಂತೆ ಕೇಳಿಸಿತು. ಆಮೇಲೆ ‘ಬಿ’ಯನ್ನು ಅದರ ಜಾಗಕ್ಕೇ ಮರಳಿಸಿದೆ.

ಈ ಎರಡು ಕಿವಿಗಳ ನಡುವೆ ರಾಜಿ ಇಲ್ಲ, ಅದು ಬೇಕಾಗಿಯೂ ಇಲ್ಲ. ಪಿಯಾನೊ ನುಡಿಸುತ್ತ, ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಅಭ್ಯಾಸ ಮಾಡಿ, ಅದರ ಜೊತೆಗೇ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅವರ ಮೈಸೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಪಿಯಾನೊದ ಗಾಂಧಾರವನ್ನು ಪಿಯಾನೊದ್ದೆಂದೇ ಕೇಳಬೇಕು, ಮನೆಯಲ್ಲಿ ಹಾಡುವವರು ಶ್ರುತಿಗೆ ತಂಬೂರಿಯನ್ನೇ ಇಟ್ಟುಕೊಳ್ಳಬೇಕು. ಟ್ಯೂನಿಂಗ್ ಸರಿಯಾಗಲಿಲ್ಲವೆಂಬ ದೂರು ನಮ್ಮ ಕಡೆಯ ಮನೆಗಳಲ್ಲಿ ಬಂದಾಗ, ಅದು ಕೈಕೆಲಸದ ದೋಷವೋ ಅಥವಾ ಸಂಗೀತ ಬಲ್ಲ ಹಿರಿಯರ ಈ ಸರಿಯಾದ ಗಮನಿಕೆಯೋ ಎಂದು ವಿಚಾರಿಸುವುದು ಒಳ್ಳೆಯದು.

ಮುಂದಿನ ಮಾರ್ಚ್‌ನಲ್ಲಿ ಅಳೆದಾಗ ನಡುವಿನ ‘ಎ’ 438.5 ಹರ್ಟ್ಸ್ ಇತ್ತು, ಎಂದರೆ 6 ಸೆಂಟ್ ಇಳಿದಿತ್ತು. ಹಿಂದಿನ ಬೇಸಿಗೆಯ 16ಕ್ಕೆ ಹೋಲಿಸಿದರೆ ಇದು ಸಹಿಸಬಹುದಾದ ಸರಿತ. ಒಂದೇ ಸ್ವರದ ಮೂರು ತಂತಿಗಳು ಹೆಚ್ಚಿನ ಕಡೆ ಒಟ್ಟಿಗೇ ಇಳಿದಿದ್ದುದರಿಂದ ಮನೆಯಲ್ಲಿ ಯಾರಿಗೂ ಶ್ರುತಿ ಕೆಟ್ಟಂತೆ ತೋರಿರಲಿಲ್ಲ. ಫೆಬ್ರವರಿಯಿಂದ ಕೋಣೆಯಲ್ಲಿ ಸಣ್ಣ ಹ್ಯುಮಿಡಿಫೈಯರ್ ಇಟ್ಟು, ಅದರ ಹಬೆ ಪಿಯಾನೊ ಕಡೆಗೆ ಬಾರದಂತೆ ತಿರುಗಿಸಿ, ಆರ್ದ್ರತೆ ಶೇ. 40ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡಿದ್ದರು. ವರ್ಷಕ್ಕೆ ಒಂದೇ ಟ್ಯೂನಿಂಗ್ ಮಾಡಿಸುವುದಾದರೆ ಬೆಂಗಳೂರಿನಲ್ಲಿ ಮಳೆ ಹಿಂದೆಗೆದು ಹವೆ ಹದಕ್ಕೆ ಬರುವ ಅಕ್ಟೋಬರ್ ಕೊನೆ ಅಥವಾ ನವೆಂಬರ್, ಮತ್ತು ಪ್ರತಿ ವರ್ಷವೂ ಅದೇ ತಿಂಗಳು, ಎಂಬುದು ನನ್ನ ಸಲಹೆ. ಬೇಸಿಗೆಯ ನಡುವೆ ಇಳಿದದ್ದನ್ನು ಎಳೆದು ಮಳೆಗಾಲದಲ್ಲಿ ಏರಿದ್ದನ್ನು ಇಳಿಸುತ್ತ ಹೋದರೆ ಪಿನ್ ಸವೆಯುವುದಷ್ಟೇ ಲಾಭ. ಪರೀಕ್ಷೆಯ ಮುಂಚೆ ತಾಳೆ ತಪ್ಪಿದ ಒಂದೆರಡು ಸ್ವರಗಳನ್ನು ಮಾತ್ರ ಸರಿಪಡಿಸಿದೆ, ಉಳಿದವನ್ನು ಮುಟ್ಟಲಿಲ್ಲ.

ಉಳಿದಿರುವುದು ಎರಡು ವಿಷಯ. ತಾಮ್ರ ಸುತ್ತಿದ ತಂತಿಗಳ ನಾದ ಇನ್ನೂ ಮಂಕಾಗಿಯೇ ಇದೆ. ಅವನ್ನು ಒಂದೊಂದಾಗಿ ಬಿಚ್ಚಿ, ಸುರುಳಿಯ ಸಂದಿನ ದೂಳು ಉದುರಿಸಿ ಮತ್ತೆ ಕಟ್ಟಿದರೆ ಸ್ವಲ್ಪ ತೆರೆದುಕೊಳ್ಳಬಹುದು, ಪೂರ್ತಿ ಸರಿಯಾಗಬೇಕಾದರೆ ಅಳತೆ ಕೊಟ್ಟು ಹೊಸ ತಂತಿ ಸುತ್ತಿಸಬೇಕು. ಹ್ಯಾಮರ್‌ಗಳ ಮೂಗಿನ ಮೇಲೆ ತಂತಿಗಳ ಗೀರು ಆಳವಾಗಿ ಬಿದ್ದಿವೆ. ಫೆಲ್ಟ್ ಇನ್ನೂ ದಪ್ಪವಿರುವುದರಿಂದ ಒಮ್ಮೆ ಉಜ್ಜಿ ಆಕಾರಕ್ಕೆ ತರಬಹುದು, ಎರಡನೆಯ ಸಲ ಉಜ್ಜಲು ಉಳಿಯುವುದಿಲ್ಲ. ಎರಡರಲ್ಲಿ ಮೊದಲು ಹ್ಯಾಮರ್ ಕೆಲಸವಾಗಲಿ, ತಂತಿಯ ಮಾತು ಅದರ ಮೇಲೆ ಎಂದು ಹೇಳಿದ್ದೇನೆ. ಮಗಳ ಪರೀಕ್ಷೆ ಮುಗಿದು, ಬರುವ ಮಳೆಗಾಲ ಕಳೆದ ಮೇಲೆ ಅದನ್ನು ಮಾಡಿಸುವುದೆಂದು ಮನೆಯವರು ನಿರ್ಧರಿಸಿದ್ದಾರೆ. ಡಿಜಿಟಲ್ ಪಿಯಾನೊ ಕೊಳ್ಳುವ ಮಾತನ್ನು ಅವರು ಕೈಬಿಟ್ಟಿದ್ದಾರೆ.